ನಾಗಾ ಬೆಟ್ಟದಲ್ಲಿ ಹೆಣ್ಣು ಕೇಳಿದ್ದು

ನಮ್ಮ ಕಡೆ ಹೆಣ್ಣು ಕೇಳಲು ಹೋಗುವುದೆಂದರೆ ಎರಡು ಕಾರು ತುಂಬ ಜನ. ಮಾವಂದಿರು, ಭಾವಂದಿರು, ಮಾತು ಶುರು ಮಾಡಲು ಗೊತ್ತಿರುವ ಒಬ್ಬ ಹಿರಿಯರು, ತಿಂಡಿಯ ರುಚಿ ನೋಡಿ ಬರುವುದಕ್ಕೆಂದೇ ಒಬ್ಬಿಬ್ಬರು. ನನ್ನ ತಮ್ಮ ದಿನಕರನಿಗೆ ಹೆಣ್ಣು ಕೇಳಲು ಹೋದದ್ದು ನಾನೊಬ್ಬಳೇ. ಹೆಣ್ಣಿನ ಮನೆ ನಾಗಾಲ್ಯಾಂಡಿನ ಒಂದು ಬೆಟ್ಟದ ಮೇಲಿತ್ತು.

ದಿನಕರ ಮಸ್ಕತ್ತಿನ ಹೋಟೆಲೊಂದರಲ್ಲಿ ಅಡುಗೆಯವ. ಅವಿನೊ ಅದೇ ಹೋಟೆಲಿನ ರಿಸೆಪ್ಶನ್ನಿನಲ್ಲಿ ಕೆಲಸ ಮಾಡುವವಳು. ರಿಜಿಸ್ಟರ್ ಮದುವೆಯಾಗುವುದೆಂದು ಇಬ್ಬರೂ ತೀರ್ಮಾನಿಸಿದ್ದರು. ಚರ್ಚಿನ ವಿಷಯವನ್ನು ಅವಳು ಊರಿನ ಪಾದ್ರಿಯ ಹತ್ತಿರ ಮೊದಲೇ ಮಾತಾಡಿ ಮುಗಿಸಿದ್ದಳು. ಅವಳದ್ದು ಒಂದೇ ಹಟ. ವರನ ಮನೆಯ ಹಿರಿಯರೊಬ್ಬರು ತನ್ನ ಊರಿಗೆ ಬಂದು, ಒಲೆಯ ಬದಿಯಲ್ಲಿ ಕೂತು, ಬಾಯಿಬಿಟ್ಟು ಕೇಳಬೇಕು. ಫೋನಿನಲ್ಲಿ ಕೇಳಿದರೆ ಆಗುವುದಿಲ್ಲ.

ನಮ್ಮ ಅಮ್ಮ ತೀರಿಹೋದಾಗ ದಿನಕರ ಇನ್ನೂ ಚಡ್ಡಿ ಹಾಕುವ ಹುಡುಗ. ಸಾಕಿದ್ದು ನಾನು. ಕನ್ಯಾನದಲ್ಲಿರುವ ನಮ್ಮ ಕುಟುಂಬದ ಮನೆಗೆ ಈಗ ಯಜಮಾನರು ನಮ್ಮ ಸೋದರಮಾವ. ತುಳುವಿನಲ್ಲಿ ತಮ್ಮಲೆ ಎನ್ನುತ್ತೇವೆ. ಅವರಿಗೆ ಮೊಣಕಾಲು ನೋವು. ನೀನೇ ಹೋಗಿ ಬಾ ಎಂದುಬಿಟ್ಟರು. ನಾನೂ ನನ್ನ ಗಂಡನೂ ತೋಡಾರಿನಲ್ಲಿ ರಸ್ತೆ ಬದಿ ಒಂದು ಚಿಕ್ಕ ಹೋಟೆಲು ನಡೆಸುತ್ತೇವೆ. ಅಲ್ಲಿಗೆ ಚಹಾಕ್ಕೆ ಬರುವವರೆಲ್ಲ ಸಲಹೆ ಕೊಟ್ಟರು. ವೀಸಾ ಆಯಿತಾ ಎಂದು ಒಬ್ಬರು ಕೇಳಿದರು. ಅಲ್ಲಿ ನಾಯಿ ತಿನ್ನುತ್ತಾರಂತೆ, ಊಟ ಕಟ್ಟಿಕೊಂಡು ಹೋಗಿ ಎಂದು ಇನ್ನೊಬ್ಬರು. ನನ್ನ ಅತ್ತೆ, ಗಂಡನ ತಾಯಿ, ಮಾತ್ರ ಒಳಗೆ ಹೋಗಿ, ಒಂದು ಚೀಲ ಒಣಮೀನು ಕಟ್ಟಿ ತಂದುಕೊಟ್ಟರು.

ದಿಮಾಪುರ

ವಿಮಾನ ಬದಲಿಸುತ್ತ ಬದಲಿಸುತ್ತ ದಿಮಾಪುರದಲ್ಲಿ ಇಳಿದಾಗ ನನಗೆ ಸ್ವಲ್ಪ ಬೇಸರವೇ ಆಯಿತು. ಬೆಟ್ಟವೇ ಇಲ್ಲ. ಬಯಲು, ಧೂಳು, ಹಾರ್ನು. ನಮ್ಮ ಬಿ.ಸಿ. ರೋಡಿನ ಜಂಕ್ಷನ್ನಿನಲ್ಲಿ ಇಳಿದ ಹಾಗೆ. ನಾಗಾಲ್ಯಾಂಡಿನ ಒಳಗೆ ಹೋಗಲು ನಮ್ಮ ದೇಶದವರಿಗೂ ಅನುಮತಿ ಪತ್ರ ಬೇಕು. ರಜೆ ಹಾಕಿ ನನ್ನ ಜೊತೆ ಬಂದಿದ್ದ ದಿನಕರ ಅದನ್ನು ಹಿಡಿದು ಸಾಲಿನಲ್ಲಿ ನಿಂತು, ಮಸ್ಕತ್ತಿಗೆ ಹೋಗುವಾಗಲೂ ಇಷ್ಟು ಹೆದರಿಕೆ ಆಗಿರಲಿಲ್ಲ ಎಂದ. ಪತ್ರ ನೋಡಿದ ಪೊಲೀಸಿನವರು ಬಂದ ಕಾರಣ ಕೇಳಿದರು. ಹೆಣ್ಣು ಕೇಳಲು ಎಂದೆ, ನಮ್ಮ ಹೋಟೆಲಿನ ಕೆಲಸದವರಿಂದ ಕಲಿತ ಹಿಂದಿಯಲ್ಲಿ. ಅವರು ದಿನಕರನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಪಕ್ಕದವರಿಗೆ ಏನೋ ಹೇಳಿ ನಕ್ಕು, ಹೋಗಿ ಎಂದು ಕೈ ಮಾಡಿದರು.

ಅವಿನೊ ಹೊರಗೆ ಕಾಯುತ್ತಿದ್ದಳು. ಫೋನಿನಲ್ಲಿ ನೋಡಿದ್ದಕ್ಕಿಂತ ಗಿಡ್ಡ, ಕೆಂಪು ಸ್ವೆಟರು, ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಬಂದವಳೇ ನನ್ನ ಎರಡೂ ಕೈ ಹಿಡಿದು, "ಅಕ್ಕ, ಎಂಚ ಉಲ್ಲರ್?" ಎಂದಳು. ಹೇಗಿದ್ದೀರಿ ಎಂದು ತುಳುವಿನಲ್ಲಿ. ಒಂದೊಂದು ಅಕ್ಷರವನ್ನೂ ಬಾವಿಯಿಂದ ನೀರು ಸೇದಿದ ಹಾಗೆ ಜಾಗ್ರತೆಯಿಂದ ಮೇಲೆ ತರುತ್ತಿದ್ದಳು. ವಿಮಾನದಲ್ಲಿ ಕೂತು ಬಾಯಿಪಾಠ ಮಾಡಿಟ್ಟ ಹಿಂದಿ ಮಾತೆಲ್ಲ ನನಗೆ ಮರೆತುಹೋಯಿತು. ತುಳುವಿನಲ್ಲೇ ಏನೇನೋ ಉತ್ತರ ಹೇಳಿದೆ. ಅವಳಿಗೆ ಅದರಲ್ಲಿ ಒಂದು ಶಬ್ದವೂ ಅರ್ಥವಾಗಲಿಲ್ಲ. ತಲೆ ಮಾತ್ರ ಆಡಿಸಿದಳು.

ಟ್ಯಾಕ್ಸಿ ಹೊರಟು ಸ್ವಲ್ಪ ಹೊತ್ತಾದ ಮೇಲೆ ಡ್ರೈವರು ಬದಿಗೆ ನಿಲ್ಲಿಸಿ, ಇಳಿದು, ಗಾಡಿಯ ಅಡಿಗೆ ಬಗ್ಗಿ ನೋಡಿದ. ಮತ್ತೆ ಹೊರಟ. ಮತ್ತೆ ನಿಲ್ಲಿಸಿದ. ಏನೋ ಪ್ರಾಣಿ ಚಕ್ರಕ್ಕೆ ಸಿಕ್ಕಿ ಸತ್ತಿದೆ, ವಾಸನೆ ಬರುತ್ತಿದೆ ಎಂದು ಅವನ ಚಿಂತೆ. ನನಗೆ ತಡವಾಗಿ ಹೊಳೆಯಿತು. ಅತ್ತೆಯ ಚೀಲ ಬಿಚ್ಚಿ ತೋರಿಸಿದೆ. ಅವನ ಮುಖ ಅರಳಿತು. ಸಮುದ್ರದ್ದಾ ಎಂದು ಕೇಳಿ, ಒಂದು ತುಂಡು ಮುರಿದುಕೊಂಡು ಹಸಿಯಾಗಿಯೇ ಬಾಯಿಗೆ ಹಾಕಿಕೊಂಡ. ಆಮೇಲೆ ವಾಸನೆಯ ಮಾತು ಬರಲಿಲ್ಲ.

ಮಣ್ಣು ಕುಸಿದ ದಾರಿ

ಕೊಹಿಮಾಕ್ಕೆ ಏರುವ ದಾರಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗಿತ್ತು. ಚಾರ್ಮಾಡಿ ಘಾಟಿಯಲ್ಲಿ ಹೀಗಾದರೆ ಏನಾಗುತ್ತದೆಂದು ನನಗೆ ಗೊತ್ತು. ಎಲ್ಲರೂ ಹಾರ್ನು ಹೊಡೆಯುತ್ತಾರೆ, ಬದಿಯಿಂದ ನುಗ್ಗುತ್ತಾರೆ, ಎದುರಿನವನಿಗೆ ಬೈಯುತ್ತಾರೆ, ಶಾಸಕರಿಗೆ ಫೋನು ಮಾಡಿದೆ ಎನ್ನುವವನೊಬ್ಬ ಇದ್ದೇ ಇರುತ್ತಾನೆ. ಇಲ್ಲಿ ಗಾಡಿಗಳು ಒಂದರ ಹಿಂದೆ ಒಂದು ಸುಮ್ಮನೆ ನಿಂತವು. ಜನ ಇಳಿದರು. ಯಾರೋ ಕಟ್ಟಿಗೆ ಕೂಡಿಸಿ ಬೆಂಕಿ ಮಾಡಿದರು. ಒಬ್ಬರ ಗಾಡಿಯಿಂದ ಕಿತ್ತಳೆ ಬಂತು, ಇನ್ನೊಬ್ಬರದ್ದರಿಂದ ಚಹಾದ ಕೆಟ್ಲು. ಹಿಂದಿನ ಗಾಡಿಯ ಹೆಂಗಸರು ಕಂಬಳಿ ಹಾಸಿ ಕೂತು ಮೆಲ್ಲಗೆ ಹಾಡಿಕೊಂಡರು. ಹಾಡು ಯಾವುದು ಎಂದು ಕೇಳಿದೆ. ಭಾನುವಾರದ ಚರ್ಚಿಗೆ ಅಭ್ಯಾಸ ಎಂದಳು ಅವಿನೊ.

ಆ ಹೆಂಗಸರಲ್ಲಿ ಒಬ್ಬಳು ನನ್ನನ್ನು ಕರೆದು ವೀಳ್ಯದೆಲೆಯಲ್ಲಿ ಅಡಿಕೆ ಇಟ್ಟು ಕೊಟ್ಟಳು. ನನಗೆ ಸಂತೋಷವಾಯಿತು. ನಮ್ಮ ಮನೆಯಲ್ಲೂ ಅಡಿಕೆ ಬೆಳೆಯುತ್ತೇವೆ ಎಂದು ಅವಿನೊಳಿಂದ ಹೇಳಿಸಿ, ಅರ್ಧ ಹೋಳನ್ನು ಇಡಿಯಾಗಿ ಬಾಯಿಗೆ ಹಾಕಿದೆ. ಅದು ಹಸಿ ಅಡಿಕೆ. ಅಲ್ಲಿಯವರು ಒಣಗಿಸುವುದೇ ಕಡಿಮೆ. ಸ್ವಲ್ಪ ಹೊತ್ತಿನಲ್ಲಿ ಕಿವಿ ಬಿಸಿಯಾಯಿತು, ಆ ಚಳಿಯಲ್ಲೂ ಬೆವರು ಕಿತ್ತುಕೊಂಡು ಬಂತು, ಎದುರಿನ ಬೆಟ್ಟ ಒಂದು ಕಡೆ ವಾಲಿತು. ಹುಟ್ಟಿದಂದಿನಿಂದ ಅಡಿಕೆ ಅಂಗಳದಲ್ಲಿ ಓಡಾಡಿದ ನನಗೆ ಅಡಿಕೆ ಸೊಕ್ಕಿತ್ತು. ಅವಳು ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಮಲಗಿಸಿಕೊಂಡು, ಒಂದು ಚಿಟಿಕೆ ಉಪ್ಪು ನೆಕ್ಕಿಸಿ, ಏನೂ ಆಗಿಲ್ಲವೆಂಬಂತೆ ಹಾಡು ಮುಂದುವರಿಸಿದಳು. ಅವಳ ಹೆಸರು ನಾನು ಕೇಳಲಿಲ್ಲ. ದಾರಿ ತೆರೆದಾಗ ಎಲ್ಲರೂ ಅವಸರದಲ್ಲಿ ಅವರವರ ಗಾಡಿ ಹತ್ತಿದರು.

ಅವಿನೊಳ ಊರು

ಕೊಹಿಮಾ ದಾಟಿ ಇನ್ನೂ ಮೇಲಕ್ಕೆ ಹೋದರೆ ಅವಳ ಊರು. ನಮ್ಮಲ್ಲಿ ಮನೆಗಳು ತೋಟದೊಳಗೆ ಚದುರಿಕೊಂಡಿರುತ್ತವೆ. ಒಂದು ಮನೆಯವರು ಕೂಗಿದರೆ ಇನ್ನೊಂದು ಮನೆಗೆ ಕೇಳಿಸುವುದು ಕಷ್ಟ. ಇಲ್ಲಿ ಬೆಟ್ಟದ ನೆತ್ತಿಯ ಮೇಲೆ ಎಲ್ಲ ಮನೆಗಳೂ ಒತ್ತಿಕೊಂಡು ಕೂತಿವೆ, ಗದ್ದೆ ಕೆಳಗೆ ದೂರದಲ್ಲಿದೆ. ಬೆಳಿಗ್ಗೆ ಬುಟ್ಟಿ ಬೆನ್ನಿಗೆ ಹಾಕಿ ಇಳಿದವರು ಸಂಜೆ ಏರಿ ಬರಬೇಕು. ಸಂಜೆಯೂ ನಮ್ಮ ಸಂಜೆಯಲ್ಲ. ನಾವು ಹೋಟೆಲಿನಲ್ಲಿ ಗೋಳಿಬಜೆ ಕರಿಯಲು ಎಣ್ಣೆ ಇಡುವ ಹೊತ್ತಿಗೆ ಅಲ್ಲಿ ಸೂರ್ಯ ಮುಳುಗಿ ಆಗಿರುತ್ತದೆ.

ಮನೆಯೆದುರು ಅಂಗಳದಲ್ಲಿ ಒಂದು ಸಿಮೆಂಟಿನ ಗೋರಿ ಇತ್ತು. ಅವಿನೊಳ ಅಜ್ಜನದ್ದು. ಅದರ ಮೇಲೆ ಮೆಣಸು ಒಣಗಲು ಹಾಕಿದ್ದರು, ತುದಿಯಲ್ಲೊಂದು ಬೆಕ್ಕು ಮಲಗಿತ್ತು. ನಾನು ಚಪ್ಪಲಿ ಬಿಟ್ಟು, ಕೈ ಮುಗಿದು, ದೂರದಿಂದ ಸುತ್ತಿಕೊಂಡು ಹೋದೆ. ಅವಿನೊಳ ಅಮ್ಮ ಬಂದು ನನ್ನ ಭುಜ ಹಿಡಿದು ಆ ಗೋರಿಯ ಮೇಲೇ ಕೂರಿಸಿದರು. ಬಿಸಿಲು ಚೆನ್ನಾಗಿ ಬೀಳುವ ಜಾಗ ಅದೇ ಅಂತೆ. ನಾವಾದರೆ ಸತ್ತವರನ್ನು ದೂರ ಸುಟ್ಟು ಬರುತ್ತೇವೆ, ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸಿ ಮನೆಗೆ ಕರೆಯುತ್ತೇವೆ. ಇವರು ಹೊರಗೆ ಕಳಿಸುವುದೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಬೆಕ್ಕು ನನ್ನ ಮಡಿಲಿಗೆ ಬಂತು. ಅಜ್ಜನ ಮೇಲೆ ಕೂತಿದ್ದೇನೆ ಎಂಬುದು ಮರೆತೇಹೋಯಿತು.

ಒಳಗೆ ಮೂರು ಕಲ್ಲಿನ ಒಲೆ. ಅದರ ಮೇಲೆ ಅಟ್ಟದಿಂದ ಹಂದಿಮಾಂಸದ ತುಂಡುಗಳು ಹೊಗೆಯಲ್ಲಿ ಕಪ್ಪಾಗಿ ನೇತಾಡುತ್ತಿದ್ದವು. ಊಟಕ್ಕೆ ಕೊಟ್ಟದ್ದು ಗಾಲ್ಹೊ. ಅಕ್ಕಿಯನ್ನು ಸೊಪ್ಪಿನ ಜೊತೆ ಬೇಯಿಸಿ ತೆಳ್ಳಗೆ ಮಾಡಿದ್ದು. ಒಂದು ತುತ್ತು ತಿಂದೆ, ಇದು ಗಂಜಿ. ನಮ್ಮ ಕುಚ್ಚಲಕ್ಕಿ ಗಂಜಿಗೆ ಸೊಪ್ಪು ಹಾಕಿದರೆ ಇದೇ. ಎರಡು ಬಟ್ಟಲು ಉಂಡದ್ದು ನೋಡಿ ಅಮ್ಮನವರಿಗೆ ಸಮಾಧಾನವಾಯಿತು. ಅತ್ತೆಯ ಒಣಮೀನಿನಲ್ಲಿ ದಿನಕರ ಅಲ್ಲೇ ಚಟ್ನಿ ಅರೆದ. ಅಳಿಯನಾಗುವವನು ಅಡುಗೆಮನೆಗೆ ಹೋದದ್ದನ್ನು ಅವಿನೊಳ ಅಪ್ಪ ಗಮನಿಸಿದರು.

ಅವಳ ಅಪ್ಪ ಮಾತು ಕಡಿಮೆಯ ಮನುಷ್ಯ. ನಾನು ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಕಲಿತವಳು ಎಂದಾಗ ಮಾತ್ರ ಕುರ್ಚಿ ಹತ್ತಿರ ಎಳೆದುಕೊಂಡರು. ಅವರಲ್ಲೂ ಹಾಗೇ ಅಂತೆ. ಮನೆಯ ಮಾತು ಒಂದು, ಪೇಟೆಯದ್ದು ಇನ್ನೊಂದು, ಶಾಲೆಯದ್ದು ಇಂಗ್ಲಿಷು. ಮುಂದಿನ ಬೆಟ್ಟದ ಊರಿನವರ ಮಾತು ತಮಗೆ ಅರ್ಧವೇ ತಿಳಿಯುವುದು ಎಂದರು. ನಿಮ್ಮ ಮನೆಮಾತಿನಲ್ಲಿ ಬೆಂಕಿಗೆ ಏನು ಹೇಳುತ್ತೀರಿ, ನೀರಿಗೆ ಏನು ಎಂದು ಒಂದೊಂದೇ ಕೇಳುತ್ತ ಹೋದರು.

ಒಲೆಯ ಸುತ್ತ

ಮರುದಿನ, ಶುಕ್ರವಾರ, ಊಟದ ನಂತರ ಅವರ ಕುಲದ ಗಂಡಸರು ಬಂದು ಒಲೆಯ ಸುತ್ತ ಕೂತರು. ನಡುವೆ ಉಣ್ಣೆಯ ಟೊಪ್ಪಿ ಹಾಕಿದ ಅವಿನೊಳ ದೊಡ್ಡಪ್ಪ. ಬಾಗಿಲ ಹತ್ತಿರ ನೈಲ್ಹೊ ಎಂಬ ಹಿರಿಯರೊಬ್ಬರು ಸುಮ್ಮನೆ ಕೂತಿದ್ದರು. ಅವರು ಬೇರೆ ಕುಲದವರು, ಎದುರು ಮನೆಯವರು, ಅವಿನೊಳ ಅಪ್ಪನ ಜೊತೆಗಾರ. ಆ ಊರಿನಲ್ಲಿ ಒಂದೇ ವಯಸ್ಸಿನ ಮಕ್ಕಳು ಒಂದು ಗುಂಪಾಗಿ ಬೆಳೆಯುತ್ತಾರೆ, ಸಾಯುವವರೆಗೂ ಆ ಗುಂಪು ಬಿಡುವುದಿಲ್ಲ.

ನಾನು ಕೇಳಬೇಕಾದ ರೀತಿಯಲ್ಲೇ ಕೇಳಿದೆ. ನಿಮ್ಮ ಮಗಳನ್ನು ನಮ್ಮ ಮನೆಗೆ ಕೊಡಿ ಎಂದು. ಅವಿನೊ ತನ್ನ ಮದುವೆಯ ಮಾತನ್ನು ತಾನೇ ಅನುವಾದ ಮಾಡಿದಳು.

ಜಾತಿ ಕೇಳುತ್ತಾರೆ, ದೇವರು ಕೇಳುತ್ತಾರೆ ಎಂದು ನಾನು ಸಿದ್ಧವಾಗಿದ್ದೆ. ದೊಡ್ಡಪ್ಪ ಕೇಳಿದ್ದು ನಿಮ್ಮಲ್ಲಿ ಕುಲ ಉಂಟಾ ಎಂದು. ಉಂಟು, ನಾವು ಬರಿ ಎನ್ನುತ್ತೇವೆ, ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ, ಮದುವೆಯಾಗುವ ಹಾಗಿಲ್ಲ ಎಂದೆ. ಎಲ್ಲರೂ ತಲೆಯಾಡಿಸಿದರು. ಅವರಲ್ಲೂ ಅದೇ ನಿಯಮ. ಹಾಗಾದರೆ ಇವರ ಮಕ್ಕಳಿಗೆ ನಿಮ್ಮ ಕುಲ ಸಿಗುತ್ತದೆ ಎಂದರು ಅವರು. ಇಲ್ಲ, ನಮ್ಮಲ್ಲಿ ಬರಿ ತಾಯಿಯಿಂದ ಬರುವುದು ಎಂದೆ. ನನ್ನ ಮಕ್ಕಳಿಗೆ ನನ್ನದು, ತಮ್ಮನ ಮಕ್ಕಳಿಗೆ ಅವನ ಹೆಂಡತಿಯದ್ದು.

ಅವಿನೊ ಅನುವಾದ ನಿಲ್ಲಿಸಿದಳು. ಅವರಲ್ಲಿ ಕುಲ ತಂದೆಯಿಂದ. ಅವಳ ಮಕ್ಕಳಿಗೆ ಅವಳ ಕುಲ ಸಿಗುವುದಿಲ್ಲ. ನಮ್ಮ ಬರಿಯೂ ಸಿಗುವುದಿಲ್ಲ. ಎರಡು ಕಡೆಯೂ ನಿಯಮ ಸರಿಯಾಗಿಯೇ ಇತ್ತು, ನಡುವೆ ಆ ಮಕ್ಕಳಿಗೆ ಜಾಗ ಇರಲಿಲ್ಲ. ಇಷ್ಟು ವರ್ಷ ಇದು ನಮ್ಮ ಯಾರ ತಲೆಗೂ ಬಂದಿರಲಿಲ್ಲ.

ಕೊನೆಗೆ ಅವಳ ಅಪ್ಪನೇ ಹಿಂದಿಯಲ್ಲಿ ನನಗೆ ಹೇಳಿದರು. ಹುಡುಗ ಒಳ್ಳೆಯವನು, ಅದು ತಮಗೆ ಕಾಣುತ್ತದೆ. ಆದರೆ ಯಾರವರೂ ಅಲ್ಲದ ಮೊಮ್ಮಕ್ಕಳನ್ನು ತಾನು ಊರಿಗೆ ಕರೆಯುವುದು ಹೇಗೆ? ದಿನಕರನಿಗೆ ತಡೆಯಲಾಗಲಿಲ್ಲ. ನಾವು ಮಸ್ಕತ್ತಿನಲ್ಲಿ ಇರುತ್ತೇವೆ, ಅಲ್ಲಿ ಕುಲ ಗಿಲ ಯಾರೂ ಕೇಳುವುದಿಲ್ಲ ಎಂದುಬಿಟ್ಟ.

"ಮಸ್ಕತ್ತಿನಲ್ಲೇ ಸಾಯುತ್ತೀಯಾ?" ಎಂದರು ಅವಳ ಅಪ್ಪ. ಕೋಪದಿಂದಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದ ಹಾಗೆ.

ಸಭೆ ಎದ್ದಿತು. ಅವಿನೊ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ನಾನು ಪಕ್ಕದಲ್ಲಿ ನಿಂತು ಒರೆಸಿಟ್ಟೆ.

ಭಾನುವಾರ

ಭಾನುವಾರ ಆ ಊರಿನಲ್ಲಿ ಅಂಗಡಿ ತೆರೆಯುವುದಿಲ್ಲ, ಗದ್ದೆಗೆ ಇಳಿಯುವುದಿಲ್ಲ, ಕಟ್ಟಿಗೆ ಒಡೆಯುವ ಸದ್ದೂ ಇಲ್ಲ. ಅವಿನೊಳ ಅಮ್ಮ ನನಗೆ ತಮ್ಮದೊಂದು ಶಾಲು ಹೊದಿಸಿ ಚರ್ಚಿಗೆ ಕರೆದುಕೊಂಡು ಹೋದರು. ಭಾಷೆ ತಿಳಿಯದಿದ್ದರೂ ಹಾಡು ಕೇಳಿಕೊಂಡು ಕೂತೆ. ಅಮ್ಮನವರು ನನ್ನ ಪಕ್ಕದಲ್ಲಿ ಸದ್ದಿಲ್ಲದೆ ಅಳುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ.

ನಾವು ಹಿಂತಿರುಗಿದಾಗ ನೈಲ್ಹೊ ಅಂಗಳದಲ್ಲಿ ಅಜ್ಜನ ಗೋರಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ದಿನಕರ, ಎದುರಿಗೆ ಅವಿನೊಳ ಅಪ್ಪ ಮತ್ತು ದೊಡ್ಡಪ್ಪ. ನನ್ನನ್ನು ಕಾಯುತ್ತಿದ್ದರಂತೆ. ನೈಲ್ಹೊ ಹೇಳಿದ್ದನ್ನು ಅವಿನೊ ನನಗೆ ಹಿಂದಿಯಲ್ಲಿ ಹೇಳಿದಳು. ಅವಳ ಕುಲದವರು ದಿನಕರನನ್ನು ಸೇರಿಸಿಕೊಳ್ಳುವ ಹಾಗಿಲ್ಲ, ಸೇರಿಸಿದರೆ ಅಣ್ಣತಂಗಿ ಆಗುತ್ತಾರೆ. ಆದರೆ ನೈಲ್ಹೊ ಅವರ ಕುಲ ಬೇರೆ. ಅವರಿಗೆ ನಾಲ್ಕು ಗಂಡುಮಕ್ಕಳು. ಐದನೆಯವನಾಗಿ ದಿನಕರನನ್ನು ಮಗನೆಂದು ಕರೆಯಲು ಅವರು ತಯಾರಿದ್ದರು, ಅವರ ಕುಲದ ಹಿರಿಯರೂ ಬೆಳಿಗ್ಗೆ ಚರ್ಚಿನ ಹೊರಗೆ ಒಪ್ಪಿದ್ದರು.

ಯಾಕೆ ಎಂದು ನಾನು ಕೇಳಿದೆ. ನೈಲ್ಹೊ ಅವಿನೊಳ ಅಪ್ಪನ ಕಡೆ ಗಲ್ಲ ತೋರಿಸಿದರು. ಇವನು ಎರಡು ರಾತ್ರಿಯಿಂದ ನಿದ್ರೆ ಮಾಡಿಲ್ಲ, ನನ್ನ ಮನೆಯಿಂದ ಇವನ ಕಿಟಕಿ ಕಾಣುತ್ತದೆ ಎಂದರು. ಅಷ್ಟೇ ಅವರ ಕಾರಣ.

ಆಮೇಲೆ ನನ್ನ ಕಡೆ ತಿರುಗಿ, "ಇವನನ್ನು ಸಾಕಿದವಳು ನೀನು. ಕೊಡುತ್ತೀಯಾ?" ಎಂದು ಕೇಳಿದರು.

ನಾನು ಹೆಣ್ಣು ಕೇಳಲು ಬಂದವಳು. ಗಂಡು ಕೊಡುವ ಮಾತು ಬರುತ್ತದೆಂದು ಎಣಿಸಿರಲಿಲ್ಲ. ನಮ್ಮ ಲೆಕ್ಕದಲ್ಲಿ ಅವನಿಂದ ನಮ್ಮ ಬರಿ ಮುಂದುವರಿಯುವುದಿಲ್ಲ, ಕೊಟ್ಟರೆ ಮನೆತನಕ್ಕೆ ನಷ್ಟ ಇಲ್ಲ. ಅದೆಲ್ಲ ತಲೆಗೆ ಗೊತ್ತಿತ್ತು. ಆದರೂ ಅಮ್ಮ ಹೋದ ವರ್ಷ ಜ್ವರ ಬಂದಾಗ ನನ್ನ ಸೆರಗು ಬಿಡದೆ ಮಲಗಿದ್ದ ಹುಡುಗನನ್ನು ಇನ್ನೊಬ್ಬರ ಮಗ ಎಂದು ಹೇಳಲು ನಾಲಿಗೆ ಬರಲಿಲ್ಲ. ದಿನಕರನನ್ನು ಬದಿಗೆ ಕರೆದುಕೊಂಡು ಹೋದೆ. ಕೆಳಗೆ ಕೊಯ್ಲಾದ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಹೊಳೆಯವರೆಗೆ ಇಳಿದಿದ್ದವು.

"ನಿನಗೆ ಏನನಿಸ್ತದೆ ಮಾರಾಯ?" ಎಂದೆ.

"ನನಗೆ ಅವಳು ಬೇಕು ಅಕ್ಕ," ಎಂದ. ಮತ್ತೆ, "ನೀನು ಬೇಡ ಅಂತ ಅಲ್ಲ" ಎಂದ.

ನಾನು ಹಿಂದೆ ಬಂದು ನೈಲ್ಹೊ ಅವರಿಗೆ, ಕೊಡುತ್ತೇನೆ, ಆದರೆ ಇವನು ನನ್ನನ್ನು ಅಕ್ಕ ಎಂದು ಕರೆಯುವುದು ನಿಲ್ಲಬಾರದು ಎಂದೆ. ಅವರಿಗೆ ಅದು ವಿಚಿತ್ರ ಅನಿಸಿತು. ನನ್ನ ಮಗನ ಅಕ್ಕ ನನಗೆ ಮಗಳಲ್ಲದೆ ಮತ್ತೇನಾಗುತ್ತಾಳೆ ಎಂದು ಅವಿನೊಳನ್ನು ಕೇಳಿದರು. ಅವಳು ಅದನ್ನು ಅನುವಾದ ಮಾಡುತ್ತ ಮಾಡುತ್ತ ಅತ್ತುಬಿಟ್ಟಳು.

ಸೋಮವಾರ ಹಂದಿ ಕಡಿದರು. ಎರಡೂ ಕುಲದ ಒಂದೊಂದು ಮನೆಗೂ ಪಾಲು ಹೋಯಿತು. ಪಾಲು ತೆಗೆದುಕೊಂಡವರೆಲ್ಲ ಸಾಕ್ಷಿ, ಮುಂದೆ ಯಾರೂ ನಮಗೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ನೈಲ್ಹೊ ತಮ್ಮ ಕುಲದ ಕಪ್ಪು ಶಾಲನ್ನು ದಿನಕರನಿಗೆ ಹೊದಿಸಿದರು. ಅವರ ಹಿರಿಯ ಮಗ ಅವನನ್ನು ಕೂಡಲೇ ಕಟ್ಟಿಗೆ ಹೊರಲು ಕಳಿಸಿದ. ಕೊನೆಯ ತಮ್ಮನಿಗೆ ಅದೇ ಕೆಲಸವಂತೆ.

ಕನ್ಯಾನ

ಊರಿಗೆ ಬಂದವಳು ಮೊದಲು ಕನ್ಯಾನಕ್ಕೆ ಹೋಗಿ ತಮ್ಮಲೆಗೆ ಎಲ್ಲ ವರದಿ ಒಪ್ಪಿಸಿದೆ. ಅತ್ತೆಯೂ ನನ್ನ ಜೊತೆ ಬಂದಿದ್ದರು. ಅವರು ನಮ್ಮ ಹುಡುಗನಿಗೆ ಕುಲ ಕೊಟ್ಟರು, ನಾವು ಅವರ ಹುಡುಗಿಗೆ ಬರಿ ಕೊಡುವುದು ಬೇಡವಾ ಎಂದು ಕೇಳಿದೆ. ಹಾಗೆ ಕೊಟ್ಟ ಕ್ರಮ ಉಂಟಾ ಎಂದು ತಮಗೆ ತಿಳಿಯದು ಎಂದರು ತಮ್ಮಲೆ. ಬರಿ ಹೆಂಗಸರಿಂದ ಇಳಿಯುವುದು, ಕೊಡಬೇಕಾದವಳು ನಾನು, ನೀವು ಒಪ್ಪಿದರೆ ಸಾಕು ಎಂದೆ. ನನಗೂ ಸ್ವಲ್ಪ ಬಿಸಿ ಏರಿತ್ತು. ಆ ಬೆಟ್ಟದ ಜನ ಎರಡು ದಿನದಲ್ಲಿ ಮುಗಿಸಿದ್ದಕ್ಕೆ ನಾವು ಕ್ರಮ ಹುಡುಕುತ್ತ ಕೂತಿದ್ದೆವು.

"ನೀನು ನಮ್ಮ ಸಾಲಿಯಾನ್ ಬರಿ ಕೊಟ್ಟರೆ ಅವಳು ದಿನಕರನಿಗೆ ತಂಗಿ ಆಗ್ತಾಳೆ ಮಾರಾಯ್ತಿ," ಎಂದರು ತಮ್ಮಲೆ.

ಅಲ್ಲಿ ಅಷ್ಟೆಲ್ಲ ಕೇಳಿ ಬಂದವಳಿಗೆ ಇದು ಹೊಳೆದೇ ಇರಲಿಲ್ಲ.

ಜಗಲಿಯ ತುದಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು. "ನನ್ನದು ಬಂಗೇರ ಬರಿ. ನನಗೆ ಇರುವುದು ಮೂರೂ ಗಂಡು. ಅಕ್ಕತಂಗಿಯರೂ ಇಲ್ಲ. ನಮ್ಮ ಕವಲು ನನ್ನೊಟ್ಟಿಗೆ ಮುಗೀತದೆ ಅಂತ ಇದ್ದೆ. ಆ ಹುಡುಗಿಯನ್ನು ನನಗೆ ಕೊಡಿ."

ನಾನು ಮದುವೆಯಾಗಿ ಆ ಮನೆಗೆ ಬಂದು ಇಷ್ಟು ವರ್ಷವಾಯಿತು. ಅತ್ತೆಗೆ ಹೀಗೊಂದು ಸಂಕಟ ಇದೆ ಎಂದು ನನಗೆ ಗೊತ್ತಿರಲಿಲ್ಲ. ತಮ್ಮಲೆ ಎದ್ದು ಒಳಗೆ ಹೋಗಿ ಅತ್ತೆಗೆ ಒಂದು ಲೋಟ ನೀರು ತಂದುಕೊಟ್ಟರು. ಮೊಣಕಾಲು ನೋವಿನ ಮನುಷ್ಯ ಯಾರಿಗೂ ಎದ್ದು ನೀರು ಕೊಟ್ಟದ್ದನ್ನು ನಾನು ನೋಡಿರಲಿಲ್ಲ.

ಮುಂದಿನ ರಜೆಯಲ್ಲಿ ದಿನಕರ ಮತ್ತು ಅವಿನೊ ಬಂದರು. ಅತ್ತೆ ಅವಳಿಗೆ ಸೀರೆ ಉಡಿಸಿ, ಮಡಿಲಿಗೆ ತೆಂಗಿನಕಾಯಿ ಹಾಕಿ, ಮಗಳೆಂದು ಮನೆಯೊಳಗೆ ಕರೆದರು. ಕನ್ಯಾನದಲ್ಲಿ ದೈವಕ್ಕೆ ತಂಬಿಲದ ದಿನ ನಾವೆಲ್ಲ ಹೋದೆವು. ವರ್ಷಕ್ಕೊಮ್ಮೆ ಮನೆಯವರಷ್ಟೇ ಸೇರಿ ದೈವದ ಕೋಣೆಯೆದುರು ಸಲ್ಲಿಸುವ ಪೂಜೆ ಅದು. ತಮ್ಮಲೆ ಕೈ ಮುಗಿದು ನಿಂತು ಎಲ್ಲರ ಪರವಾಗಿ ಪ್ರಾರ್ಥನೆ ಮಾಡಿದರು. ಮನೆಯವರ ಹೆಸರು ಹೇಳುತ್ತ ಬಂದು ಅವಿನೊಳ ಹತ್ತಿರ ನಿಲ್ಲಿಸಿದರು. ಅವಳ ಕಡೆ ತಿರುಗಿ, "ನಿನ್ನ ಬರಿ ಯಾವುದು ಮಗಾ?" ಎಂದು ತುಳುವಿನಲ್ಲಿ ಕೇಳಿದರು.

"ಬಂಗೇರ," ಎಂದಳು ಅವಿನೊ.

ತಮ್ಮಲೆ ಅದನ್ನು ದೈವಕ್ಕೆ ಹೇಳಲು ಬಾಯಿ ತೆರೆದಿದ್ದರು. ಹೆಂಗಸರ ಸಾಲಿನಿಂದ ಅತ್ತೆ, ತನಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದರು. ಹೋಟೆಲಿನ ಹಿಂದಿನ ಬಾಗಿಲಲ್ಲಿ ಕೂತು ಮುಂದಿನ ಮೇಜಿನ ಮಾತೆಲ್ಲ ಕೇಳಿಸಿಕೊಳ್ಳುವ ಕಿವಿ ಅವರದ್ದು. ಅವಿನೊ ಅವರ ಮುಖ ನೋಡಿ, ಈ ಸಲ ಗಟ್ಟಿಯಾಗಿ ಹೇಳಿದಳು.